ರೋಡ್ ಪ್ರೆಸೆನ್ಸ್ ಅಂತೆ, ಮಣ್ಣಂಗಟ್ಟಿ!

'ರೋಡ್ ಪ್ರೆಸೆನ್ಸ್' ಅನ್ನೋ ಮಾತು ಕೇಳಿದರೆ ಸಾಕು, ನನಗೆ ಮೈ ಉರಿಯುತ್ತೆ. ಕಾರು ಕೊಳ್ಳಲು ಹೊರಟವರ ಬಾಯಲ್ಲೆಲ್ಲ ಈಗ ಅದೇ ಮಂತ್ರ. ಕಾರು ರಸ್ತೆಯಲ್ಲಿ ಇದ್ದೇ ಇರುತ್ತೆ ಸ್ವಾಮಿ, ಇನ್ನೆಲ್ಲಿರಬೇಕು? ಸಂಜೆ ಆರೂವರೆಗೆ ಕುಂಬಳಗೋಡಿನ ಹತ್ತಿರ ಬಂದು ನೋಡಿ. ಎಲ್ಲರ ಪ್ರೆಸೆನ್ಸೂ ಅಲ್ಲೇ ಇರುತ್ತೆ, ಒಬ್ಬರ ಹಿಂದೆ ಒಬ್ಬರದು, ಕದಲದ ಹಾಗೆ :)

ವಿಷಯ ಇಷ್ಟು. ನನ್ನ ಅಕ್ಕನ ಮಗ ರಾಮನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾನೆ. ಹೆಂಡತಿಗೆ ಅಲ್ಲೇ ಸ್ಕೂಲಿನಲ್ಲಿ ಕೆಲಸ. ಇವನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರಲ್ಲಿ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಅಂತ ಹೆಸರು ಬದಲಾಯಿಸಿದ್ರಲ್ಲ, ಹೆಸರೇನೋ ಹತ್ತಿರ ಬಂತು, ದೂರ ಮಾತ್ರ ಅಷ್ಟೇ ಇದೆ. ಎಕ್ಸ್‌ಪ್ರೆಸ್‌ವೇ, ನೈಸ್ ರೋಡು ಎಲ್ಲಾ ಸೇರಿ ಒಂದು ಕಡೆಗೆ ಸುಮಾರು 60 ಕಿ.ಮೀ. ಹೋಗಿ ಬಂದರೆ 120. ವರ್ಷಕ್ಕೆ 250 ದಿನ ಅಂದರೂ 30,000 ಕಿ.ಮೀ. ಆಯ್ತು. ಈಗಿರುವ ಹಳೇ ಕಾರು ಕೈಕೊಡುತ್ತಿದೆ, ಹೊಸದು ಬೇಕು. ಪಟ್ಟಿ ಮಾಡಿ ಮಾಡಿ ಕೊನೆಗೆ ಎರಡು ಉಳಿದಿವೆ: ಹುಂಡೈ ಕ್ರೆಟಾ, ಮಾರುತಿ ಸುಝುಕಿ ಗ್ರ್ಯಾಂಡ್ ವಿಟಾರಾ.

"ಮಾವ, ಕ್ರೆಟಾ ಟರ್ಬೋ ತಗೊಳ್ಳೋಣ ಅಂತಿದೀನಿ. 160 ಹಾರ್ಸ್ ಪವರ್ರು. ರೋಡ್ ಪ್ರೆಸೆನ್ಸೂ ಇದೆ" ಅಂದ. ಅವನ ಆಫೀಸಿನ ಗೆಳೆಯರು "ಟರ್ಬೋ ಯಾಕೋ, ಇಷ್ಟು ಓಡಿಸೋನು ಡೀಸೆಲ್ ತಗೋ" ಅಂತಿದ್ದಾರಂತೆ. ನಾನು ಮೂರನೇ ಪಾರ್ಟಿ. ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್ಡು ತಗೋ ಅನ್ನೋ ಪಕ್ಷ. ವಾಟ್ಸಾಪಿನಲ್ಲಿ ಇದನ್ನ ಬರೆದೂ ಬರೆದೂ ಹೆಬ್ಬೆರಳು ನೋವು ಬಂತು, ಅದಕ್ಕೇ ಇಲ್ಲಿ ಒಂದೇ ಸಲ ಕಕ್ಕಿಬಿಡ್ತಿದೀನಿ. ದಿನಾ ಐವತ್ತು ಅರವತ್ತು ಕಿಲೋಮೀಟರು ಹೋಗಿಬರುವವರು ನಿಮ್ಮಲ್ಲೂ ಇದ್ದೀರಿ, ನಿಮಗೂ ಬೇಕಾದೀತು.

ಮೊದಲು ಜಗಳ ರಿವ್ಯೂ ಮಾಡೋರ ಜೊತೆ. ಕಂಪನಿಯವರು ಕರೆಸಿಕೊಳ್ತಾರೆ, ಎಲ್ಲೋ ಉದಯಪುರವೋ ಗೋವಾವೋ, ಖಾಲಿ ರಸ್ತೆ, ಒಳ್ಳೇ ಹೋಟೆಲು. ಎರಡು ದಿನ ಓಡಿಸಿ ಬಂದು '0 ಇಂದ 100ಕ್ಕೆ ಇಷ್ಟು ಸೆಕೆಂಡು' ಅಂತ ಬರೀತಾರೆ. ನಮಗೆ ಬೇಕಾಗಿರೋದು 0 ಇಂದ 15, ಮತ್ತೆ 15 ರಿಂದ 0, ಮತ್ತೆ 0 ಇಂದ 10... ಹೀಗೆ ನಲವತ್ತು ನಿಮಿಷ, ಏಸಿ ಹಾಕಿಕೊಂಡು, ಬೆನ್ನು ನೋವಿಟ್ಟುಕೊಂಡು. ಇದನ್ನ ಯಾರು ರಿವ್ಯೂ ಮಾಡ್ತಾರೆ? ಸನ್‌ರೂಫ್ ಎಷ್ಟು ದೊಡ್ಡದು ಅಂತ ಎರಡು ಪ್ಯಾರಾ ಇರುತ್ತೆ. ನಿಂತ ಟ್ರಾಫಿಕ್ಕಿನಲ್ಲಿ ಏಸಿ ಹೇಗೆ ಓಡುತ್ತೆ ಅಂತ ಒಂದು ಸಾಲೂ ಇರಲ್ಲ. ಏಪ್ರಿಲ್ ಬಿಸಿಲಲ್ಲಿ ಗಾಜಿನ ಚಾವಣಿ ಇಟ್ಟುಕೊಂಡು, ಅದಕ್ಕೆ ಅಡ್ಡಪರದೆ ಎಳೆದು, ಆಮೇಲೆ ಏಸಿ ಜೋರು ಮಾಡೋದು. ಇದಕ್ಕೆ ಹೆಚ್ಚಿಗೆ ದುಡ್ಡು ಬೇರೆ!

ಸಮಯದ ಲೆಕ್ಕ ನೋಡಿ. ಒಂದು ಕಡೆಗೆ ಒಂದೂವರೆ ಗಂಟೆ ಅಂದರೆ ದಿನಕ್ಕೆ ಮೂರು. ವರ್ಷಕ್ಕೆ 750 ಗಂಟೆ. ಇಪ್ಪತ್ನಾಲ್ಕರಿಂದ ಭಾಗಿಸಿ: 31 ದಿನ. ಹನ್ನೆರಡು ತಿಂಗಳಲ್ಲಿ ಒಂದು ತಿಂಗಳು ಪೂರ್ತಿ, ಹಗಲೂ ರಾತ್ರಿ, ಆ ಪೆಟ್ಟಿಗೆಯೊಳಗೆ ಕೂತಿರ್ತಾನೆ ನಮ್ಮ ಹುಡುಗ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಅದರ ಪಾಲಿನ ಗಂಟೆಗಳೂ ಇದರಲ್ಲೇ ಹೋಗೋದು. ಹಾಗಾಗಿ ಕಾರು ಹೊರಗಡೆಯಿಂದ ಹೇಗೆ ಕಾಣುತ್ತೆ ಅನ್ನೋದು ಪಕ್ಕದ ಲೇನಿನವನ ತಲೆನೋವು. ಒಳಗಿರೋನಿಗೆ ಏನು ಸಿಗುತ್ತೆ, ತಿಂಗಳ ಕೊನೆಗೆ ಕಿಸೆಯಲ್ಲಿ ಏನು ಉಳಿಯುತ್ತೆ ಅನ್ನೋದು ನಮ್ಮದು.

ಈಗ ಟರ್ಬೋ ವಿಚಾರ. 160 ಪಿಎಸ್ ಇದೆ, ನಿಜ. ಓಡಿಸಿದರೆ ಮಜಾ ಬರುತ್ತೆ, ಅದೂ ನಿಜ. ಆದರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ವೇಗದ ಮಿತಿ 100. 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತು, ಮೊದಲ ಕೆಲವು ತಿಂಗಳು ಅಪಘಾತಗಳ ಸುದ್ದಿ ಸಾಲುಸಾಲಾಗಿ ಬಂತು, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನ ಮುಖ್ಯ ರಸ್ತೆಯಿಂದ ಹೊರಗಿಟ್ಟರು, ಆಮೇಲೆ ಕ್ಯಾಮೆರಾಗಳೂ ಬಂದವು. ಈಗ 130ರಲ್ಲಿ ಹೋದರೆ ಮನೆಗೆ ಫೋಟೋ ಬರುತ್ತೆ. ಎದುರಿಂದ ವಾಹನ ಬರದ ರಸ್ತೆಯಲ್ಲಿ ಲಾರಿ ಹಿಂದೆ ಹಾಕೋಕೆ 160 ಕುದುರೆ ಯಾಕೆ ಬೇಕು? ಎಂಬತ್ತರಲ್ಲಿ ಹೋದರೆ 40 ಕಿ.ಮೀ.ಗೆ ಅರ್ಧ ಗಂಟೆ. ನೂರರಲ್ಲಿ ಹೋದರೆ 24 ನಿಮಿಷ. ಉಳಿಯೋದು ಆರು ನಿಮಿಷ! ಆ ಆರು ನಿಮಿಷಕ್ಕೆ ಗಾಳಿಯನ್ನ ಸೀಳೋ ಖರ್ಚು ಕಿಲೋಮೀಟರಿಗೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ, ಯಾಕಂದ್ರೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತೆ. ಹೈಸ್ಕೂಲು ಭೌತಶಾಸ್ತ್ರ ಇದು. ಉಳಿಸಿದ ಆರು ನಿಮಿಷವನ್ನೂ ಕೆಂಗೇರಿ ಕಡೆಯ ಕ್ಯೂನಲ್ಲಿ ವಾಪಸ್ ಕೊಟ್ಟು ಬರಬೇಕು.

ಇನ್ನೊಂದು ವಿಷಯ ಸೇಲ್ಸ್ ಹುಡುಗರು ಹೇಳಲ್ಲ. ಕ್ರೆಟಾ ಟರ್ಬೋಗೆ ಬರೋದು 7 ಸ್ಪೀಡಿನ ಡಿಸಿಟಿ ಗೇರ್‌ಬಾಕ್ಸು, ಒಣ ಕ್ಲಚ್ಚಿನದ್ದು. ಖಾಲಿ ರಸ್ತೆಯಲ್ಲಿ ಬೆಣ್ಣೆ. ಆದರೆ ನಡಿಗೆಯ ವೇಗದಲ್ಲಿ ತೆವಳುವಾಗ ಕ್ಲಚ್ಚು ಅರ್ಧ ಹಿಡಿದೂ ಅರ್ಧ ಬಿಟ್ಟೂ ಇರಬೇಕಾಗುತ್ತೆ. ಆಗ ಬಿಸಿಯಾಗುತ್ತೆ, ಸವೆಯುತ್ತೆ. ಬೇರೆ ಕಂಪನಿಗಳ ಒಣ ಕ್ಲಚ್ ಡಿಸಿಟಿಗಳ ಗುಣವೂ ಇದೇ, ಅದರ ರಚನೆಯೇ ಹಾಗೆ. ನಮ್ಮ ಹುಡುಗ ದಿನಾ ಮಾಡೋದೇ ತೆವಳೋ ಕೆಲಸ. ಟರ್ಬೋ ವಾದ ಇಲ್ಲಿಗೆ ಮುಗೀತು ಅಂತ ನನ್ನ ಲೆಕ್ಕ.

ಡೀಸೆಲ್ ವಾದ ಮಾತ್ರ ಹೀಗೆ ಸುಲಭಕ್ಕೆ ಮುಗಿಯಲ್ಲ, ಅದರಲ್ಲಿ ಹುರುಳಿದೆ. ಕ್ರೆಟಾದ 1.5 ಲೀಟರ್ ಡೀಸೆಲ್ ಇಂಜಿನ್ನು 116 ಪಿಎಸ್, 250 ನ್ಯೂಟನ್ ಮೀಟರ್ ಟಾರ್ಕು. ಆಟೋಮ್ಯಾಟಿಕ್ ಬೇಕೆಂದರೆ ಡಿಸಿಟಿ ಅಲ್ಲ, ಹಳೇ ನಂಬಿಕಸ್ತ ಟಾರ್ಕ್ ಕನ್ವರ್ಟರು, ಆರು ಗೇರು. ತೆವಳೋಕೆ ಅಡ್ಡಿಯಿಲ್ಲ. ನಾಲ್ಕು ಸಿಲಿಂಡರು, ನಯವಾಗಿದೆ. ಒಳಗೆ ಕೂತರೆ ಗ್ರ್ಯಾಂಡ್ ವಿಟಾರಾಗಿಂತ ನಿಶ್ಶಬ್ದ. 'ಡೀಸೆಲ್ ಕಾರಿಗೆ ಡಿಪಿಎಫ್ ತೊಂದರೆ' ಅಂತ ಹೆದರಿಸ್ತಾರೆ. ಹೊಗೆಯ ಮಸಿ ಹಿಡಿಯೋ ಆ ಜಾಲರಿ ಸುಟ್ಟು ಶುದ್ಧವಾಗಬೇಕಾದರೆ ಇಂಜಿನ್ನು ಒಂದಷ್ಟು ಹೊತ್ತು ಬಿಸಿಯಾಗಿ ಒಂದೇ ಸಮ ಓಡಬೇಕು. ಜಯನಗರದಿಂದ ಕೋರಮಂಗಲಕ್ಕೆ ಹೋಗಿಬರೋರಿಗೆ ಅದು ತೊಂದರೆಯೇ. ದಿನಾ ಎರಡು ಸಲ ಎಕ್ಸ್‌ಪ್ರೆಸ್‌ವೇ ಹತ್ತೋನಿಗೆ ಅಲ್ಲ. ನನ್ನ ಪಕ್ಷದವರು ಈ ಡಿಪಿಎಫ್ ಗುಮ್ಮವನ್ನ ಕೈಬಿಡೋದು ಒಳ್ಳೇದು, ಸುಳ್ಳು ಹೇಳಿ ಗೆಲ್ಲೋದು ಬೇಡ.

ಹಾಗಾದರೆ ಹೈಬ್ರಿಡ್ಡು ಯಾಕೆ?

ಬಾನೆಟ್ ಒಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳ್ತೀನಿ, ಬೇಜಾರಾದರೆ ಈ ಪ್ಯಾರಾ ಹಾರಿಸಿ. ಗ್ರ್ಯಾಂಡ್ ವಿಟಾರಾದಲ್ಲಿ ಎರಡು ಜಾತಿ ಇದೆ, ಮೈಲ್ಡು ಮತ್ತು ಸ್ಟ್ರಾಂಗು. ಮೈಲ್ಡು ಅನ್ನೋದು ಹೆಸರಿಗಷ್ಟೇ ಹೈಬ್ರಿಡ್ಡು, ಅದನ್ನ ಬಿಡಿ. ಸ್ಟ್ರಾಂಗ್ ಹೈಬ್ರಿಡ್ಡಿನಲ್ಲಿ 1.5 ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಇಂಜಿನ್ನು 92 ಪಿಎಸ್, ಜೊತೆಗೆ 80 ಪಿಎಸ್‌ನ ವಿದ್ಯುತ್ ಮೋಟಾರು. ಎರಡೂ ಸೇರಿದರೆ 116 ಪಿಎಸ್ (172 ಆಗಬೇಕಲ್ವಾ ಅಂತ ಕೇಳಬೇಡಿ, ಎರಡರ ಗರಿಷ್ಠವೂ ಒಂದೇ ಕ್ಷಣದಲ್ಲಿ ಸಿಗಲ್ಲ). ಬ್ಯಾಟರಿ ತೀರಾ ಪುಟ್ಟದು, 0.76 ಯೂನಿಟ್ಟು. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಮುಕ್ಕಾಲು ಗಂಟೆ ಹಾಕಿದಷ್ಟು ಕರೆಂಟು. ಅಷ್ಟು ಚಿಕ್ಕದು ಸಾಕಾ? ಸಾಕು. ಯಾಕಂದ್ರೆ ಬ್ರೇಕು ಒತ್ತಿದಾಗಲೆಲ್ಲ ಮೋಟಾರು ಜನರೇಟರ್ ಆಗಿ ಒಂದಷ್ಟು ವಾಪಸ್ ತುಂಬುತ್ತೆ, ಕಡಿಮೆಯಾದರೆ ಇಂಜಿನ್ನು ತುಂಬುತ್ತೆ, ಮುಂದಿನ ತೆವಳಿಕೆಗೆ ಅದೇ ಖರ್ಚಾಗುತ್ತೆ. ಬೆಂಗಳೂರು ಟ್ರಾಫಿಕ್ಕು ಅಂದರೆ ಬ್ರೇಕು, ಬ್ರೇಕು ಮತ್ತು ಬ್ರೇಕು. ಬೇರೆ ಕಾರುಗಳಲ್ಲಿ ಅದೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತೆ. ಗೇರುಪೆಟ್ಟಿಗೆ ಅನ್ನೋ ಜಾಗದಲ್ಲಿ ಒಂದು ಗ್ರಹಚಕ್ರದ ಹಾಗೆ ಸುತ್ತುವ ಹಲ್ಲುಗಾಲಿ ಜೋಡಣೆ ಇದೆ. ಕ್ಲಚ್ಚು ಸವೆಯೋ ಮಾತೇ ಇಲ್ಲ, ಬೆಲ್ಟೂ ಇಲ್ಲ. ಟೊಯೋಟಾದವರು 1997ರ ಪ್ರಿಯಸ್ ಕಾಲದಿಂದ ಇದೇ ತತ್ವದ ಮೇಲೆ ಕಾರು ಮಾಡ್ತಾ ಬಂದಿದ್ದಾರೆ. ಹೆಸರು ಮಾರುತಿಯದ್ದಾದರೂ ಹೈಬ್ರಿಡ್ ವಿದ್ಯೆ ಟೊಯೋಟಾದ್ದು. ಅರ್ಬನ್ ಕ್ರೂಸರ್ ಹೈರೈಡರ್ ಇದರ ಅವಳಿ.

ಏಸಿಯ ಮಾತು ಹೇಳಿದ್ನಲ್ಲ. ಈ ಕಾರಿನಲ್ಲಿ ಏಸಿ ಕಂಪ್ರೆಸರು ಓಡೋದು ಕರೆಂಟಿನಿಂದ. ಇಂಜಿನ್ ಆಫ್ ಆಗಿ ಕಾರು ನಿಂತಿದ್ದಾಗಲೂ ತಣ್ಣಗೇ ಇರುತ್ತೆ. ಮಾಮೂಲಿ ಕಾರಿನಲ್ಲಿ ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಆದರೆ ಏಸಿ ಬಿಸಿಗಾಳಿ ಊದುತ್ತೆ, ಎರಡೇ ದಿನಕ್ಕೆ ಜನ ಆ ಸೌಲಭ್ಯದ ಗುಂಡಿಯನ್ನೇ ಒತ್ತಿ ಸುಮ್ಮನಾಗಿಸ್ತಾರೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಎಆರ್‌ಎಐ ಪ್ರಮಾಣಪತ್ರದ ಪ್ರಕಾರ ಸ್ಟ್ರಾಂಗ್ ಹೈಬ್ರಿಡ್ಡಿಗೆ ಲೀಟರಿಗೆ 27.97 ಕಿ.ಮೀ., ಕ್ರೆಟಾ ಡೀಸೆಲ್ ಆಟೋಮ್ಯಾಟಿಕ್‌ಗೆ 19.1, ಟರ್ಬೋಗೆ 18.4. ಆ ಪರೀಕ್ಷೆ ನಡೆಯೋದು ಒಳಾಂಗಣದಲ್ಲಿ, ರೋಲರ್ ಮೇಲೆ, 90 ಕಿ.ಮೀ. ದಾಟದೆ. ಹಾಗಾಗಿ ಮೂರಕ್ಕೂ ಐದನೇ ಒಂದು ಭಾಗ ಕಳೆದುಬಿಡಿ. 22.4, 15.3, 14.7 ಉಳೀತು. ಪೆಟ್ರೋಲು 103, ಡೀಸೆಲ್ಲು 91 ರೂಪಾಯಿ (2025ರಲ್ಲಿ ಬೆಂಗಳೂರಿನಲ್ಲಿ ಇದ್ದ ದರ, ಹೆಚ್ಚುಕಡಿಮೆ). 30,000 ಕಿ.ಮೀ.ಗೆ ಹೈಬ್ರಿಡ್ಡಿಗೆ 1.38 ಲಕ್ಷ, ಡೀಸೆಲ್ಲಿಗೆ 1.78 ಲಕ್ಷ, ಟರ್ಬೋಗೆ 2.10 ಲಕ್ಷ. ಹೈಬ್ರಿಡ್ಡಿಗೂ ಟರ್ಬೋಗೂ ತಿಂಗಳಿಗೆ ಆರು ಸಾವಿರ ವ್ಯತ್ಯಾಸ. ಕಂತಿನ ಜೊತೆ ಈ ಆರು ಸಾವಿರವನ್ನೂ ಕಟ್ಟಬೇಕು, ಪ್ರತಿ ತಿಂಗಳೂ, ರೋಡ್ ಪ್ರೆಸೆನ್ಸಿನ ಬಾಡಿಗೆ ಅಂತ.

ಡೀಸೆಲಿನವರು ಈಗ ಜಗಳಕ್ಕೆ ಬರ್ತಾರೆ. 'ಹೈವೇಲಿ ಡೀಸೆಲ್ಲಿಗೆ ಅಷ್ಟು ಕಳೆಯಬಾರದು' ಅಂತ. ನ್ಯಾಯವೇ. ನೂರರಲ್ಲಿ ಒಂದೇ ಸಮ ಓಡುವಾಗ ಹೈಬ್ರಿಡ್ಡಿನ ಜಾದೂ ಕಮ್ಮಿ, ಬ್ರೇಕೇ ಒತ್ತದಿದ್ದರೆ ತುಂಬಿಕೊಳ್ಳೋಕೆ ಏನಿರುತ್ತೆ? ಸರಿ, ಡೀಸೆಲ್ಲಿಗೆ 17 ಕೊಡ್ತೀನಿ. ಆಗ 1.6 ಲಕ್ಷ. ಆಗಲೂ ವರ್ಷಕ್ಕೆ 22 ಸಾವಿರ ಹೈಬ್ರಿಡ್ಡಿನ ಕಡೆಗೇ. ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್, ಅದರಲ್ಲಿ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ. ಅದಕ್ಕೆ ಮೈಲೇಜು ಇನ್ನೊಂದಿಷ್ಟು ಬೀಳುತ್ತೆ ಅಂದುಕೊಂಡು ಹೈಬ್ರಿಡ್ಡನ್ನ 21ಕ್ಕೆ ಇಳಿಸಿದರೂ 1.47 ಲಕ್ಷ. ಗೆಲುವಿನ ಅಂತರ ಕಮ್ಮಿಯಾಯ್ತು, ಗೆಲುವು ಮಾತ್ರ ಹೋಗಲಿಲ್ಲ.

ಗ್ರ್ಯಾಂಡ್ ವಿಟಾರಾ ಸರ್ವಗುಣ ಸಂಪನ್ನ ಅಂತ ನಾನು ಹೇಳ್ತಿಲ್ಲ. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಆ ಮೂರು ಸಿಲಿಂಡರ್ ಇಂಜಿನ್ನು ಮಿಕ್ಸಿಯಲ್ಲಿ ಒಣಮೆಣಸಿನಕಾಯಿ ಹಾಕಿದ ಹಾಗೆ ಕೂಗುತ್ತೆ. ಬ್ಯಾಟರಿ ಹಿಂದೆ ಕೂತಿರೋದ್ರಿಂದ ಡಿಕ್ಕಿ ಬರೀ 265 ಲೀಟರು, ಕ್ರೆಟಾದಲ್ಲಿ 433. ಊರಿಗೆ ಹೋಗುವಾಗ ಒಂದು ಮೂಟೆ ಅಕ್ಕಿ, ನಾಲ್ಕು ತೆಂಗಿನಕಾಯಿ, ಮಗುವಿನ ಗಾಡಿ ಇಟ್ಟರೆ ಮುಗೀತು. 2024ರ ಜನವರಿಯಲ್ಲಿ ಬಂದ ಹೊಸ ರೂಪದ ಕ್ರೆಟಾದ ಟಾಪ್ ವೇರಿಯೆಂಟುಗಳಲ್ಲಿ ಮುಂದಿನ ವಾಹನ ನೋಡಿಕೊಂಡು ತಾನೇ ವೇಗ ಹೊಂದಿಸಿಕೊಳ್ಳೋ ಕ್ರೂಸ್ ಕಂಟ್ರೋಲು, ತುರ್ತು ಬ್ರೇಕು ಎಲ್ಲಾ ಇದೆ. ಎಕ್ಸ್‌ಪ್ರೆಸ್‌ವೇ ಮೇಲೆ ರಾತ್ರಿ ಸುಸ್ತಾಗಿ ವಾಪಸ್ ಬರೋನಿಗೆ ಇದು ಶೋಕಿ ಅಲ್ಲ, ಕೆಲಸಕ್ಕೆ ಬರೋ ಸಂಗತಿ. ಕ್ರೆಟಾ ಪರವಾಗಿ ಯಾರಾದರೂ ವಾದ ಮಾಡೋದಿದ್ದರೆ ಈ ಒಂದು ಕಾರಣ ಹಿಡಿದು ಮಾಡಲಿ, ನಾನು ಗೌರವ ಕೊಟ್ಟು ಕೇಳ್ತೀನಿ. ಆದರೆ ಯಾರೂ ಇದನ್ನ ಹೇಳಲ್ಲ! 2015ರಿಂದ 2024ರ ಫೆಬ್ರವರಿಯೊಳಗೆ ದೇಶದಲ್ಲಿ ಹತ್ತು ಲಕ್ಷ ಕ್ರೆಟಾ ಮಾರಾಟ ಆಯ್ತು, ಹತ್ತು ಲಕ್ಷ ಜನ ಸುಮ್ಮನೆ ತಗೊಂಡ್ರಾ ಅಂತಾರೆ. ಹತ್ತು ಲಕ್ಷ ಜನ ದಿನಾ ರಾಮನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗ್ತಾರಾ?

ವಾರಂಟಿ ವಿಚಾರದಲ್ಲಿ ಕಣ್ಣು ತೆರೆದಿಟ್ಟುಕೊಳ್ಳಿ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಅಂತ ದೊಡ್ಡದಾಗಿ ಹೇಳ್ತಾರೆ. 'ಅಥವಾ' ಅನ್ನೋ ಪದ ಓದಿ. ವರ್ಷಕ್ಕೆ 30,000 ಓಡಿಸೋನಿಗೆ ಅದು ಐದು ವರ್ಷ ನಾಲ್ಕು ತಿಂಗಳಿಗೆ ಮುಗಿಯುತ್ತೆ. ಎಂಟು ವರ್ಷ ಅನ್ನೋದು ಭಾನುವಾರ ಮಾತ್ರ ಕಾರು ತೆಗೆಯೋರಿಗೆ. ಸರ್ವೀಸೂ ಅಷ್ಟೇ, ಎರಡಕ್ಕೂ ಹತ್ತು ಸಾವಿರಕ್ಕೊಂದು ಅಂದರೆ ವರ್ಷಕ್ಕೆ ಮೂರು. ಶೋರೂಮಿನಲ್ಲಿ ಕೊಡೋ ಖರ್ಚಿನ ಪಟ್ಟಿಯಲ್ಲಿ ವರ್ಷಕ್ಕೊಂದು ಸರ್ವೀಸು ಅಂತ ಇರುತ್ತೆ, ಅದನ್ನ ಮೂರರಿಂದ ಗುಣಿಸಿಕೊಂಡು ಓದಿ.

ಇಲ್ಲಿ ನನಗೆ ನಿಜವಾಗಿ ಹೊಟ್ಟೆ ಉರಿಸೋ ಸಂಗತಿ ಇನ್ನೊಂದಿದೆ. ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದಾಗ ಅದನ್ನ ತಯಾರಿಸಿದ್ದು ಎಲ್ಲಿ ಗೊತ್ತಾ? ಬಿಡದಿಯಲ್ಲಿ, ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ನಮ್ಮ ಹುಡುಗ ದಿನಾ ಎರಡು ಸಲ ದಾಟಿ ಹೋಗೋ ಊರು. 2024ರ ಜುಲೈನಲ್ಲಿ ಉತ್ತರ ಪ್ರದೇಶ ಸರ್ಕಾರ ಸ್ಟ್ರಾಂಗ್ ಹೈಬ್ರಿಡ್ ಕಾರುಗಳಿಗೆ ನೋಂದಣಿ ತೆರಿಗೆ ಮನ್ನಾ ಮಾಡಿತು. ಅದೇ ಕಾರಿಗೆ ಆಗ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ನೂರಕ್ಕೆ 17. ಹದಿನೇಳು ಲಕ್ಷದ ಕಾರಿಗೆ ಎರಡು ಲಕ್ಷ ತೊಂಬತ್ತು ಸಾವಿರದ ಹತ್ತಿರ, ಸೆಸ್ಸು ಬೇರೆ. ಬಿಡದಿಯಲ್ಲಿ ಹುಟ್ಟಿದ ಕಾರಿಗೆ ಲಕ್ನೋದಲ್ಲಿ ಮರ್ಯಾದೆ, ರಾಮನಗರದಲ್ಲಿ ದಂಡ! ದೆಹಲಿಯ ಕಥೆಯೂ ಬೇರೆಯಲ್ಲ. 2025ರ ಸೆಪ್ಟೆಂಬರ್ 22ರವರೆಗೆ ಇಂಥ ಹೈಬ್ರಿಡ್ಡಿಗೆ ಜಿಎಸ್‌ಟಿ, ಸೆಸ್ ಸೇರಿ 43, ನಾಲ್ಕು ಮೀಟರ್ ಮೀರಿದ ಕ್ರೆಟಾದಂಥವಕ್ಕೆ 45. ಆಮೇಲೆ ಎರಡಕ್ಕೂ ಒಂದೇ, 40. ಅಂದರೆ ಮೊದಲಿದ್ದ ಎರಡು ಪರ್ಸೆಂಟ್ ಮರ್ಯಾದೆಯೂ ಹೋಯ್ತು. ಒಂದು ಕಾರು ವರ್ಷಕ್ಕೆ ಏಳುನೂರು ಲೀಟರ್ ಕಡಿಮೆ ಎಣ್ಣೆ ಕುಡಿದರೂ ಸರ್ಕಾರ ನೋಡೋದು ಅದರ ಉದ್ದ ನಾಲ್ಕು ಮೀಟರ್ ದಾಟಿತಾ, ಇಂಜಿನ್ನು ಎಷ್ಟು ಸಿಸಿ ಅಂತ. ಟೇಪು ಹಿಡಿದು ತೆರಿಗೆ ಹಾಕೋ ಈ ಪದ್ಧತಿಯನ್ನ ಬರೆದವರು ಯಾರೋ, ದಿನಾ ಆಫೀಸಿಗೆ 60 ಕಿ.ಮೀ. ಕಾರು ಓಡಿಸಿಕೊಂಡು ಹೋಗೋರಂತೂ ಅಲ್ಲ.

'ಇಷ್ಟೆಲ್ಲಾ ಯಾಕೆ, ಎಲೆಕ್ಟ್ರಿಕ್ ತಗೊಳ್ಳಲಿ' ಅಂತ ನಿಮ್ಮಲ್ಲಿ ಕೆಲವರು ಈಗಾಗಲೇ ಕಾಮೆಂಟು ಟೈಪ್ ಮಾಡ್ತಿರ್ತೀರಿ. ಬೆಲೆ ಹೆಚ್ಚಾದರೂ ಓಡಿಸೋ ಖರ್ಚಿನಲ್ಲಿ ನೀವು ಹೇಳೋದೇ ಸರಿ. ಕ್ರೆಟಾದ್ದೇ ಎಲೆಕ್ಟ್ರಿಕ್ ರೂಪ 2025ರ ಜನವರಿಯಲ್ಲಿ ಬಂತು, 51.4 ಯೂನಿಟ್ ಬ್ಯಾಟರಿಯದ್ದೂ ಇದೆ. ಯೂನಿಟ್ಟಿಗೆ ಆರೇ ಕಿಲೋಮೀಟರು, ಯೂನಿಟ್ಟಿಗೆ ಎಂಟು ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 40 ಸಾವಿರಕ್ಕೆ ಮುಗೀತು. ಸ್ವಂತ ಮನೆ, ಸ್ವಂತ ಮೀಟರು, ಕಾರು ನಿಲ್ಲೋ ಜಾಗದಲ್ಲಿ ಒಂದು ಒಳ್ಳೇ ಅರ್ಥಿಂಗ್ ಇರೋ ಪಾಯಿಂಟು ಇದ್ದರೆ ಈ ಬರಹ ಇಲ್ಲಿಗೇ ಮುಚ್ಚಿ ಹೋಗಿ ಬುಕ್ ಮಾಡಿ. ನಮ್ಮ ಹುಡುಗನದು ಬಾಡಿಗೆ ಮನೆ, ಮೊದಲನೇ ಮಹಡಿ, ಕಾರು ನಿಲ್ಲೋದು ಬೀದಿಯಲ್ಲಿ. ಮನೆ ಮಾಲೀಕರ ಹತ್ತಿರ ಗೀಸರ್ ಪಾಯಿಂಟ್ ಕೇಳೋಕೆ ಆರು ತಿಂಗಳು ಹಿಡೀತು :(

ರೈಲಿನ ಮಾತೂ ಬರುತ್ತೆ. 2023ರ ಅಕ್ಟೋಬರಿನಿಂದ ಮೆಟ್ರೋ ನೇರಳೆ ಮಾರ್ಗ ಚಲ್ಲಘಟ್ಟದವರೆಗೆ ಬಂದಿದೆ, 2025ರ ಆಗಸ್ಟ್ 11ರಿಂದ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೆ ಹೋಗುತ್ತೆ. ಚಲ್ಲಘಟ್ಟದಲ್ಲಿ ಕಾರು ಬಿಟ್ಟು, ಮೆಜೆಸ್ಟಿಕ್‌ನಲ್ಲಿ ಒಮ್ಮೆ, ಆರ್.ವಿ. ರೋಡಿನಲ್ಲಿ ಒಮ್ಮೆ ಬದಲಾಯಿಸಿ ಹೋಗಬಹುದು. ಆಫೀಸು ವೈಟ್‌ಫೀಲ್ಡಿನಲ್ಲಿದ್ದಿದ್ದರೆ ಕೂತ ಸೀಟು ಬಿಡದೆ ಒಂದೇ ರೈಲಿನಲ್ಲಿ ಮುಗೀತಿತ್ತು, ನಾನು ಕಾರಿನ ಮಾತನ್ನೇ ಎತ್ತುತ್ತಿರಲಿಲ್ಲ. ಇವನಿಗೆ ನೈಸ್ ರೋಡಿನ ಅಡ್ಡದಾರಿ ಇರೋದ್ರಿಂದ ಊರೊಳಗೆ ಸುತ್ತಿ ಬರೋದು ಲಾಭವಿಲ್ಲ.

ದಾರಿ ಬೇರೆಯಾದರೆ ಉತ್ತರವೂ ಬೇರೆ, ಅದನ್ನೂ ಹೇಳಿಬಿಡ್ತೀನಿ. ನಿಮ್ಮದು ಸಕಲೇಶಪುರದ ಕಡೆಯ ಎರಡು ಲೇನಿನ ರಸ್ತೆ, ಶಿರಾಡಿ ಘಾಟಿ, ಎದುರಿಗೆ ಟ್ಯಾಂಕರು, ಮುಂದೆ ಮರಳು ಲಾರಿ ಅಂತಾದರೆ ಡೀಸೆಲ್ ಕ್ರೆಟಾ ತಗೊಳ್ಳಿ, ಆ 250 ನ್ಯೂಟನ್ ಮೀಟರು ಅಲ್ಲಿ ಪ್ರಾಣ ಉಳಿಸುತ್ತೆ. ಪೂರ್ತಿ ಹೈವೇ, ಊರೊಳಗೆ ಹೋಗೋದೇ ಇಲ್ಲ ಅನ್ನೋರಿಗೂ ಅದೇ. ಎಕ್ಸ್‌ಪ್ರೆಸ್‌ವೇ ಮುಗಿದ ಮೇಲೆ ಊರಿನ ಗಂಟಲಲ್ಲಿ ಸಿಕ್ಕಿಕೊಳ್ಳೋ ರಾಮನಗರ, ತುಮಕೂರು, ಚಿಕ್ಕಬಳ್ಳಾಪುರ, ಹೊಸಕೋಟೆ ಕಡೆಯವರಿಗೆ ಹೈಬ್ರಿಡ್ಡು. ಅದರಲ್ಲೂ ಟಾಪ್ ವೇರಿಯೆಂಟು ಬೇಡ, ಕೆಳಗಿನದೇ ಸಾಕು. ಉಳಿದ ದುಡ್ಡಿಗೆ ನಾಲ್ಕು ಒಳ್ಳೇ ಟೈರು, ಸೊಂಟಕ್ಕೊಂದು ದಿಂಬು. ಟೆಸ್ಟ್ ಡ್ರೈವನ್ನ ಶೋರೂಮಿನವರು ಹೇಳಿದ ಬೆಳಗ್ಗೆ ಹನ್ನೊಂದಕ್ಕೆ ಮಾಡಬೇಡಿ. ಸಂಜೆ ಆರಕ್ಕೆ ಕೇಳಿ, ಒಂದು ಗಂಟೆ ಕೊಡಿ ಅನ್ನಿ. ಕೊಡಲ್ಲ ಅಂದರೆ ಬೇರೆ ಶೋರೂಮಿಗೆ ಹೋಗಿ.

ತುಮಕೂರು ರಸ್ತೆಯಲ್ಲಿ ದಿನಾ ಡೀಸೆಲ್ ಕ್ರೆಟಾ ಓಡಿಸೋರು ಯಾರಾದರೂ ಇದನ್ನ ಓದ್ತಿದ್ದರೆ ನಿಮ್ಮ ಮೈಲೇಜು ಬರೀರಿ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ಬಂಕಿನ ಬಿಲ್ಲು ನೋಡಿಕೊಂಡು ಮಾಡಿದ ಲೆಕ್ಕ ಬೇಕು. ಡ್ಯಾಶ್‌ಬೋರ್ಡು ತೋರಿಸೋ ಅಂಕಿ ಬೇಡ, ಅದು ಯಾವಾಗಲೂ ಕಂಪನಿ ಪರ :)